ಜುಲೇಖಾ ಆಪಾ ವರ್ಷ ದಾಟಿಸುತ್ತಿದ್ದ ರೀತಿ

ನಂಬಬೇಡಿ. ನಂಬಿದರೆ ನನಗೇ ಮರ್ಯಾದೆ ಕಡಿಮೆ. ಮಾನ್ವಿ ಬಸ್ ನಿಲ್ದಾಣದಲ್ಲಿ ಸಿದ್ದಪ್ಪ ಕಂಡಕ್ಟರ್, ಅಂದರೆ ನಾನು, ಹೇಳಿದ್ದನ್ನು ಯಾರಾದರೂ ನಂಬಿದರೆ, ಅವನು ಊರಿಗೆ ಹೊಸಬ ಎಂದೇ ತಿಳಿಯುತ್ತಾರೆ. ಆದರೂ ಹೇಳುತ್ತೇನೆ, ಧೈರ್ಯವಿದ್ದರೆ ಸುಳ್ಳು ಎನ್ನಿ: ರಾಯಚೂರಿನ ತೀನ್ ಕಂದೀಲ್ ಹತ್ತಿರದ ಒಂದು ಗಲ್ಲಿಯಲ್ಲಿ ಒಬ್ಬ ಹೆಂಗಸಿದ್ದಳು. ದಿನಾ ಬೆಳಿಗ್ಗೆ, ಚಹಾ ಕುಡಿಯುವುದಕ್ಕೂ ಮೊದಲು, ಆಕೆ ಸತ್ತ ಗೆಳತಿಯೊಬ್ಬಳನ್ನು ಹಳೆಯ ವರ್ಷದಿಂದ ಈ ವರ್ಷಕ್ಕೆ ನಡೆಸಿಕೊಂಡು ಬರುತ್ತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಕಣ್ಣಾರೆ ನೋಡಿದ್ದೇನೆ. ಆ ಸ್ಟೂಲಿನ ಒಂದು ಕಾಲು ಗಿಡ್ಡ ಇತ್ತು. ಅದನ್ನು ಗಿಡ್ಡ ಮಾಡಿದವನೂ ನಾನೇ, ಆದರೆ ಅದು ಬೇರೆ ಕಥೆ.

ಅವಳ ಹೆಸರು ಜುಲೇಖಾ. ನನಗಿಂತ ಬಹಳ ಚಿಕ್ಕವಳು, ಆದರೂ ಗಲ್ಲಿಗೆಲ್ಲ ಆಪಾ, ಅಂದರೆ ಅಕ್ಕ, ಹಾಗಾಗಿ ನನಗೂ ಆಪಾ. ಟೈಪಿಂಗ್, ಝೆರಾಕ್ಸ್, ಆನ್‌ಲೈನ್ ಅರ್ಜಿ, ಪಹಣಿ, ಹಾಲ್ ಟಿಕೆಟ್ ಎಲ್ಲ ಮಾಡಿಕೊಡುವ ಅಂಗಡಿ ಅವಳದು. ಅಂಗಡಿಯೆಂದರೆ ಇಬ್ಬರು ಕೂತರೆ ಮೂರನೆಯವನು ನಿಂತೇ ಉಸಿರಾಡಬೇಕು, ಅಷ್ಟು ಅಗಲ. ಆಪಾ ಜಗಳಗಂಟಿ. ತಪ್ಪು ತೋರಿಸಿದವರನ್ನು ಕಂಡರೆ ಆಗುತ್ತಿರಲಿಲ್ಲ. ಗಿರಾಕಿಗಳಿಗೆ ಚಹಾ ಹೇಳುವ ಮಾತೇ ಇಲ್ಲ. ನಾನು ಕೇಳಿದರೆ, “ಸಿದ್ದಣ್ಣ, ಮಾನ್ವಿಯಾಗ ಚಹಾ ಬಂದ್ ಮಾಡ್ಯಾರೇನು? ಇಲ್ಲಿತನಕ ಬಾಯಿ ಒಣಗಿಸ್ಕೊಂಡು ಬಂದೀಯಲ್ಲ!” ಎನ್ನುತ್ತಿದ್ದಳು. ಮನೆಯಲ್ಲಿ ದಖ್ಖನಿ ಉರ್ದು, ಅಂಗಡಿಯಲ್ಲಿ ಕನ್ನಡ. ಸಿಟ್ಟು ಬಂದಾಗ ಮಾತ್ರ ಎರಡೂ ಒಂದೇ ಬಾಯಿಂದ ಹೊರಬೀಳುತ್ತಿದ್ದವು.

ಆ ಅಂಗಡಿ ಅವಳೊಬ್ಬಳದಲ್ಲ. ಮಸರಕಲ್‌ನ ಸುಜಾತಾ ಅವಳ ಪಾಲುದಾರಳು. ನಾನು ಆಗ ದೇವದುರ್ಗ–ರಾಯಚೂರು ಬಸ್ಸಿನಲ್ಲಿದ್ದೆ. ಸುಜಾತಾ ಮಸರಕಲ್‌ನಲ್ಲಿ ಹತ್ತುತ್ತಿದ್ದಳು, ಟೈಪಿಂಗ್ ಕಲಿಯಲು ರಾಯಚೂರಿಗೆ ಹೋಗುವ ಹುಡುಗಿ. ಅಪ್ಪ ಅಮ್ಮ ಕೂಲಿಯವರು. ಮನೆಯ ಗೋಡೆಗೆ ಬುದ್ಧನ ಚಿತ್ರ, ಅದರ ಕೆಳಗೆ ಮೊಳೆಗೆ ತೂಗುಹಾಕಿದ ಅವಳ ಸರ್ಟಿಫಿಕೇಟು. ನಾನು ಟಿಕೆಟ್ ಕೊಡುವಾಗ, “ಹೈದರಾಬಾದಿಗಿ ಹರಿದೀನಿ ನೋಡವ್ವಾ, ಇಳಿದರ ದಂಡ” ಎಂದು ಹೆದರಿಸಿದರೆ, “ಡ್ರೈವರ್ ಮಾಮಾಗ ಹೇಳ್ರಿ ಹಂಗಾರ, ನಾ ಚಾರ್‌ಮಿನಾರ್ ನೋಡಿಲ್ಲ” ಎನ್ನುತ್ತಿದ್ದಳು. ನನಗೆ ತಿರುಗಿ ಕೊಡುವವರು ಬಹಳ ಕಡಿಮೆ. ಅದಕ್ಕೇ ಅವಳು ನೆನಪಿದ್ದಾಳೆ.

ಟೈಪಿಂಗ್ ಕ್ಲಾಸಿನಲ್ಲಿ ಅವಳಿಗೆ ಜುಲೇಖಾ ಸಿಕ್ಕಳು. ಇಬ್ಬರೂ ಸೇರಿ ಒಂದು ಕಂಪ್ಯೂಟರ್ ಕೊಂಡರು. ಎಕ್ಸ್‌ಪಿ ಎಂಬ ವ್ಯವಸ್ಥೆ ಹೊಸದಾಗಿ ಮೆರೆಯುತ್ತಿದ್ದ ಕಾಲ ಅದು. ಅದನ್ನು ಚಾಲೂ ಮಾಡಿದರೆ ನೀಲಿ ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು. ಜುಲೇಖಾ ಎಂಬ ಹೆಸರಿನ ಪಕ್ಕ ಚದುರಂಗದ ಕಾಯಿ, ಸುಜಾತಾ ಎಂಬ ಹೆಸರಿನ ಪಕ್ಕ ಹಳದಿ ಬಾತುಕೋಳಿ. ಯಾರು ಕೆಲಸಕ್ಕೆ ಕೂರುತ್ತಾರೋ ಅವರು ತಮ್ಮ ಚಿತ್ರ ಒತ್ತಬೇಕು. ಸುಜಾತಾ ತನ್ನದಕ್ಕೆ ಗುಟ್ಟಿನ ಪದ ಇಟ್ಟಿದ್ದಳು. “ಏನದು?” ಎಂದು ಆಪಾ ಕೇಳಿದರೆ, “ಹೇಳಿದ್ರ ನಿನಗ ಮಜಾ ಬರಂಗಿಲ್ಲ ಆಪಾ” ಎಂದು ನಗುತ್ತಿದ್ದಳಂತೆ.

ಒಂದು ಮಧ್ಯಾಹ್ನ ಜ್ವರ ಹೊತ್ತುಕೊಂಡು ಸುಜಾತಾ ನನ್ನ ಬಸ್ಸಿಗೇ ಹತ್ತಿದಳು. ಮಸರಕಲ್ ಟಿಕೆಟ್ ಹರಿದುಕೊಟ್ಟೆ. “ಇವತ್ತ ಚಾರ್‌ಮಿನಾರ್ ಬ್ಯಾಡೇನವ್ವಾ?” ಎಂದೆ. “ಜ್ವರ ಇಳೀಲಿ ಮಾಮಾ” ಎಂದಳು. ಇಳಿಯಲಿಲ್ಲ. ಊರಿನಲ್ಲಿ ಗುಳಿಗೆ ನುಂಗಿಸಿ ಕಾದರು. ದವಾಖಾನೆಗೆ ಕರೆದುಕೊಂಡು ಹೊರಡುವಷ್ಟರಲ್ಲಿ ತಡವಾಗಿತ್ತು.

ಮಣ್ಣಿಗೆ ಹೋದಾಗ ಆಪಾ ಸುಜಾತಾಳ ತಾಯಿಯ ಕೈ ಹಿಡಿದು ಹೇಳಿದ ಮಾತು ನನಗೂ ಕೇಳಿಸಿತು. “ಯವ್ವಾ, ಸುಜಿ ಅಂಗಡಿ ಬಿಟ್ಟು ಹೋಗಿಲ್ಲ. ಆ ಮಶೀನು ದುಡಿಯೋತನಕ ಅಕಿ ನನ್ನ ಪಾಲುದಾರಳ.” ಸಾವಿನ ಮನೆಯಲ್ಲಿ ಜನ ಏನೇನೋ ಹೇಳುತ್ತಾರೆ. ಆಪಾ ಹೇಳಿದ್ದನ್ನು ಮಾಡಿದಳು. ಮುಂದೆ ಹೊಸ ಕಂಪ್ಯೂಟರ್ ಬಂತು, ದಿನದ ಕೆಲಸವೆಲ್ಲ ಅದಕ್ಕೆ ಹೋಯಿತು. ಆದರೆ ಬೋಣಿ, ಅಂದರೆ ದಿನದ ಮೊದಲ ಗಿರಾಕಿಯ ಕೆಲಸ, ಹಳೆಯ ಮಶೀನಿನ ಕೈಯಿಂದಲೇ ಆಗಬೇಕು. ಅದು ಆಗದೆ ಹೊಸದರ ಮೇಲಿನ ಬಟ್ಟೆ ತೆಗೆಯುತ್ತಿರಲಿಲ್ಲ. “ಬೋಣಿ ಸುಜಿದು. ಅಕಿ ಬೋಣಿ ಮಾಡಲಿಲ್ಲಂದ್ರ ಅಕಿ ಅಂಗಡಿಯಾಗಿಲ್ಲ ಅಂತರ್ಥ” ಎನ್ನುತ್ತಿದ್ದಳು.

ಇಷ್ಟಾದರೆ ಸಾಮಾನ್ಯ ಕಥೆ. ಇನ್ನು ಮುಂದಿನದನ್ನು ನಂಬಬೇಡಿ.

ಕಂಪ್ಯೂಟರಿನ ಹೊಟ್ಟೆಯಲ್ಲಿ ಅಂಗಿಯ ಗುಂಡಿಯಂಥ ಒಂದು ಸೆಲ್ ಇರುತ್ತದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ಓಡಿಸುವುದು ಅದರ ಕೆಲಸ. ಸುಜಾತಾ ಹೋಗಿ ಕೆಲವು ವರ್ಷಗಳಾದ ಮೇಲೆ ಆ ಸೆಲ್ ಸತ್ತಿತು. ಒಂದು ಬೆಳಿಗ್ಗೆ ಮಶೀನು ಚಾಲೂ ಮಾಡಿದರೆ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಎಂಥದೋ ತಕರಾರು ಬಂತು. ಅದನ್ನು ದಾಟಿ ಒಳಗೆ ಹೋದರೆ ಮೂಲೆಯ ಗಡಿಯಾರ ತನ್ನನ್ನು ತಯಾರು ಮಾಡಿದ ವರ್ಷದ ಮೊದಲ ದಿನಕ್ಕೆ ಹೋಗಿ ಕೂತಿತ್ತು. ಆ ತಾರೀಕಿಗೆ ಅಂಗಡಿಯೇ ಇರಲಿಲ್ಲ. ಆಪಾ, ಸುಜಾತಾ ಇಬ್ಬರೂ ತೀನ್ ಕಂದೀಲ್ ಸುತ್ತಮುತ್ತ ಬಾಡಿಗೆಗೆ ಜಾಗ ಹುಡುಕುತ್ತ ಅಲೆಯುತ್ತಿದ್ದ ದಿನಗಳವು.

“ಸಿದ್ದಣ್ಣ, ನೋಡಿಲ್ಲಿ” ಎಂದಳು ಆಪಾ. ಅವಳ ದನಿ ಹಾಗೆ ಸಣ್ಣಗಾಗಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. “ಇದರಾಗ ಸುಜಿ ಇನ್ನಾ ಅದಾಳ.”

ಅಂದಿನಿಂದ ಶುರುವಾಯಿತು. ದಿನಾ ಸಂಜೆ ಮಶೀನು ಬಂದ್ ಮಾಡಿ ಸ್ವಿಚ್ ತೆಗೆಯುವಳು. ದಿನಾ ಬೆಳಿಗ್ಗೆ ಅದು ಆ ಹಳೆಯ ದಿನಕ್ಕೆ ಎಚ್ಚರಗೊಳ್ಳುವುದು. ಅಲ್ಲೇ ಬಿಡುವಂತಿರಲಿಲ್ಲ. ತಾರೀಕು ತಪ್ಪಿದ್ದರೆ ಇಂಟರ್ನೆಟ್ಟಿನಲ್ಲಿ ಒಂದು ಬಾಗಿಲೂ ತೆರೆಯುವುದಿಲ್ಲ. ‘ನಿಮ್ಮ ಗಡಿಯಾರ ಹಿಂದಿದೆ’ ಎಂದು ಬ್ರೌಸರ್ ಮುಖದ ಮೇಲೆ ಹೇಳಿಬಿಡುತ್ತದೆ. ಹಾಗಾಗಿ ಆಪಾ ಬಾತುಕೋಳಿಯನ್ನು ನೋಡಿ, “ಎದ್ದೇನ ಸುಜಿ? ಜ್ವರ ಬಂದ್ರ ಊರಿಗಿ ಹೋಗಬ್ಯಾಡ, ನನ್ನ ಮನಿಗಿ ಬಾ. ತಿಳೀತಾ? ನಡಿ ಈಗ” ಎಂದು ತನ್ನ ಚಿತ್ರ ಒತ್ತಿ ಒಳಗೆ ಹೋಗುತ್ತಿದ್ದಳು. ಗಡಿಯಾರ ತೆರೆದು, ವರ್ಷದ ಪಕ್ಕದ ಬಾಣದ ಗುರುತನ್ನು ಒಂದೊಂದೇ ಸಲ ಒತ್ತುವಳು. ಒತ್ತಿದಾಗೊಮ್ಮೆ ಒಂದು ಸುದ್ದಿ.

“ಈ ವರ್ಷ ನಮ್ಮ ಅಂಗಡಿ ತೆಗಿತೀವಿ... ಈ ವರ್ಷ ಗಲ್ಲಿಯಾಗ ಮೋರಿ ಕಟ್ಟಿ ನೀರು ಒಳಗ ಬರ್ತದ, ಸ್ಟೂಲ್ ಮ್ಯಾಲ ಕಾಲಿಟ್ಟು ಟೈಪ್ ಮಾಡ್ತೀವಿ...”

ಆಮೇಲೆ ಒಂದು ವರ್ಷ ಬರುತ್ತಿತ್ತು. ಅಲ್ಲಿ ಆಪಾ ಮಾತಾಡುತ್ತಿರಲಿಲ್ಲ. ಬೆರಳೂ ನಿಲ್ಲುತ್ತಿರಲಿಲ್ಲ. ಯಾರದೋ ಮನೆ ಮುಂದೆ ಹೆಣ ಇಟ್ಟಿದ್ದರೆ ನಾವು ತಲೆ ತಗ್ಗಿಸಿ ಸರಸರ ದಾಟುತ್ತೇವಲ್ಲ, ಹಾಗೆ ದಾಟುತ್ತಿದ್ದಳು. ಆಚೆ ಹೋದ ಮೇಲೆ ಮತ್ತೆ ದನಿ ಬರುತ್ತಿತ್ತು.

“ಈ ವರ್ಷ ನಿನ್ನ ತಂಗಿ ಸಾಲ್ಯಾಗ ಟೀಚರ್ ಆದ್ಲು, ಪೇಢಾ ಕೊಟ್ಟಾಳ... ಈ ವರ್ಷ ನಮ್ಮ ಅಬ್ಬಾ ಹೋದ್ರು... ಈ ವರ್ಷ ನೋಟು ಬದಲಾದವು, ಜನ ಸಾಲು ಹಚ್ಚಿ ಸುಸ್ತಾದ್ರು... ಈ ವರ್ಷ ಯಾರೂ ಅಂಗಡಿ ತೆಗೀಲಿಲ್ಲ, ನಾನೂ ತೆಗೀಲಿಲ್ಲ, ನೀ ಒಬ್ಬಾಕಿನ ಇದ್ದಿ ಒಳಗ, ಮಾಫ್ ಮಾಡು... ಈ ವರ್ಷ ಸಿದ್ದಣ್ಣ ರಿಟೈರ್ ಆದ. ಈಗ ದಿನಾ ಬಂದು ತಲಿ ತಿಂತಾನ.”

“ನಾ ಬಂದ್ರ ನಿನಗ ಹೊತ್ತು ಹೋಗ್ತದ ಅನ್ನು” ಎಂದೆ ನಾನು.

“ಚುಪ್. ನಡುವ ಮಾತಾಡಬ್ಯಾಡ. ಅಕಿ ಎಡವಿಬಿಟ್ಟಾಳು.”

ನಾನು ಸುಮ್ಮನೆ ಕೂರುವ ಜಾತಿಯವನಲ್ಲ. ಆ ಮಶೀನಿನಲ್ಲಿ ಬ್ರೌಸರಿನಿಂದ ಏನೇ ಮುದ್ರಿಸಿದರೂ ಹಾಳೆಯ ಕೆಳಗೆ ಸಣ್ಣಗೆ ತಾರೀಕು ಬೀಳುತ್ತದೆ ಎಂಬುದು ನನ್ನ ಕಣ್ಣಿಗೆ ಬಿತ್ತು. ಒಂದು ಬೆಳಿಗ್ಗೆ ಆಪಾ ವರ್ಷ ದಾಟಿಸುವ ಮೊದಲೇ, ಅವಳಿಂದಲೇ ಒಂದು ಪುಟ ಟೈಪ್ ಮಾಡಿಸಿ, ಬ್ರೌಸರಿನಲ್ಲಿ ತೆರೆಸಿ ಮುದ್ರಿಸಿಕೊಂಡೆ. ಮನೆಯ ಮದುವೆಗೆ ಏನೋ ತಮಾಷೆ ಎಂದಿದ್ದೆ. ಅದರಲ್ಲಿ ಬರೆಸಿದ್ದು: ಮುಂದೆ ನೋಟುಗಳು ಕಾಗದವಾಗುವವು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಜನ ಓಡಾಡುವರು, ಹೆಂಗಸರಿಗೆ ಬಸ್ಸಿನಲ್ಲಿ ಪುಕ್ಕಟೆ ಟಿಕೆಟ್ ಹರಿಯುವರು. ಕೆಳಗೆ ಹಳೆಯ ವರ್ಷದ ತಾರೀಕು. ಮಾನ್ವಿ ನಿಲ್ದಾಣದಲ್ಲಿ ಅದನ್ನು ಬಿಚ್ಚಿ, “ನೋಡ್ರಲೇ, ನಾ ಆವಾಗೇ ಬರೆದಿಟ್ಟಿದ್ದೆ” ಎಂದೆ. ಡಿಪೋದವರು ನಕ್ಕರು. ಕುರ್ಡಿ ಎಂಬ ಊರಿನವನೊಬ್ಬ ನಗಲಿಲ್ಲ. ಎರಡು ದಿನ ಬಿಟ್ಟು ತೆಂಗಿನಕಾಯಿ, ಊದುಬತ್ತಿ ಹಿಡಿದು ನನ್ನ ಮನೆ ಬಾಗಿಲಿಗೆ ಬಂದು ನಿಂತ. “ಯಪ್ಪಾ, ನಮ್ಮ ಎಮ್ಮಿ ಯಾವಾಗ ಗಬ್ಬ ಆಗ್ತದ, ಅಷ್ಟ ಹೇಳ್ರಿ” ಎಂದ. ಬರುವ ಅಮಾವಾಸ್ಯೆಯೊಳಗೆ ಎಂದೆ. ಆಯಿತು! ಆ ಮನೆತನ ಇವತ್ತಿಗೂ ನನ್ನ ಕಾಲಿಗೆ ಬೀಳುತ್ತದೆ. ನಾನೂ ಬೇಡವೆನ್ನುವುದಿಲ್ಲ.

ಇದನ್ನು ಆಪಾಳಿಗೆ ಹೇಳಿ ನಗಿಸಬೇಕೆಂದು ಹೋದೆ. ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ನಗು ನಿಂತ ಮೇಲೆ ಕಣ್ಣೊರೆಸಿಕೊಂಡು ಪರದೆಯ ಕಡೆ ತಿರುಗಿದಳು.

“ಸಿದ್ದಣ್ಣ, ಆ ವರ್ಷದಿಂದ ಒಂದು ಹಾಳಿ ಇಲ್ಲಿಗಿ ಬಂತು. ಹೌದಿಲ್ಲ?”

“ಬಂತಲ್ಲ, ಕುರ್ಡಿತನಕ ಹೋತು.”

“ಹಂಗಾರ ಇಲ್ಲಿಂದ ಒಂದು ಮಾತು ಅಲ್ಲಿಗಿ ಹೋಗಬೇಕಲ್ಲ? ದಿನಾ ಹೇಳ್ತೀನಿ ಅಕಿಗಿ, ಜ್ವರ ಬಂದ್ರ ನನ್ನ ಮನಿಗಿ ಬಾ ಅಂತ. ಒಂದಿನಾನೂ ಕೇಳವಲ್ಲಳು.”

ನಾನು ಜೇಬಿನಿಂದ ಆ ಹಾಳೆ ತೆಗೆದು, ಮಡಚಿ, ಸ್ಟೂಲಿನ ಗಿಡ್ಡ ಕಾಲಿನ ಕೆಳಗೆ ತುರುಕಿದೆ.

ಒಮ್ಮೆ ಮಶೀನಿನ ಫ್ಯಾನ್ ಗುರುಗುಡುತ್ತದೆ ಎಂದು ರಿಪೇರಿಯವನನ್ನು ಕರೆಸಿದಳು. ಅವನು ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚೊಕ್ಕ. ಧೂಳು ಊದಿ, ಎಣ್ಣೆ ಬಿಟ್ಟು, ಹೇಳದೆ ಕೇಳದೆ ಹೊಸ ಸೆಲ್ಲನ್ನೂ ಹಾಕಿ ಹೋದ. ಮರುದಿನ ಮಶೀನು ಸರಿಯಾಗಿ ಇವತ್ತಿನ ತಾರೀಕಿಗೇ ಎದ್ದಿತು. ಆಪಾ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು.

“ಅರೇ ಅಲ್ಲಾ! ಒಂದು ಮಾತು ಹೇಳದ ಅಕಿನ್ನ ಎಳಕೊಂಡು ಬಂದಾರ! ಹಾದಿಯಾಗ ಯಾರು ಸತ್ರು, ಯಾರು ಹುಟ್ಟಿದ್ರು, ಅಕಿಗಿ ಏನು ಗೊತ್ತು? ಕಣ್ಣು ಬಿಟ್ರ ಪೂರಾ ಹೊಸ ಊರು. ಹೆದರಂಗಿಲ್ಲ ಹುಡುಗಿ?”

ರಿಪೇರಿಯವನಿಗೆ ಬುಲಾವ್ ಹೋಯಿತು. ಹಳೆಯ ಸೆಲ್ಲನ್ನು ಅವನು ಹೊರಗಿನ ಕಸದ ಡಬ್ಬಿಗೆ ಎಸೆದಿದ್ದ. ಡಬ್ಬಿ ಬಗ್ಗಿಸಿ ಚಹಾಪುಡಿ, ಮೊಟ್ಟೆ ಸಿಪ್ಪೆಯ ನಡುವೆ ಅದನ್ನು ಹುಡುಕಿ ತೆಗೆದವನು ನಾನೇ. ಅಂಥ ಕಣ್ಣು ಈ ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲ. ಆಪಾ ಅದನ್ನು ದುಪಟ್ಟಾದ ತುದಿಯಿಂದ ಒರೆಸಿ ಅವನ ಕೈಗಿಟ್ಟಳು.

“ಮೇಡಂ, ಇದು ಸತ್ತದ್ದು” ಎಂದ ಅವನು.

“ಗೊತ್ತದ. ಹಾಕು.”

ಅವನು ನನ್ನ ಕಡೆ ನೋಡಿದ. ನಾನು ಹಾಕು ಎಂಬಂತೆ ಗೋಣು ಹಾಕಿದೆ. ಸತ್ತ ಸೆಲ್ ತನ್ನ ಜಾಗಕ್ಕೆ ಹೋಗಿ ಕೂತಿತು. ಮರುದಿನ ಬೆಳಿಗ್ಗೆ ಸುಜಾತಾ ಹಳೆಯ ದಾರಿಯಿಂದಲೇ, ಸುದ್ದಿ ಕೇಳುತ್ತ, ನಡೆದು ಬಂದಳು.

ಆಪಾಳ ನಿಜವಾದ ಕಷ್ಟ ಗಡಿಯಾರದ್ದಲ್ಲ, ಬ್ರೌಸರಿನದು. ಎಕ್ಸ್‌ಪಿಯನ್ನು ಅದರ ಕಂಪನಿಯವರು ಕೈಬಿಟ್ಟು ವರ್ಷಗಳಾಗಿದ್ದವು. ಹೊಸ ಬ್ರೌಸರ್‌ಗಳು ಅದರ ಮೇಲೆ ಕೂರಲು ಒಪ್ಪುತ್ತಿರಲಿಲ್ಲ. ಹಳೆಯ ಬ್ರೌಸರಿಗೆ ಹೊಸ ವೆಬ್‌ಸೈಟುಗಳು ಬಾಗಿಲು ತೆರೆಯುತ್ತಿರಲಿಲ್ಲ. ಇವತ್ತು ಪರೀಕ್ಷೆಯ ಫಲಿತಾಂಶ ಕಾಣಲಿಲ್ಲ, ನಾಳೆ ಹಾಲ್ ಟಿಕೆಟ್ ಕಾಣಲಿಲ್ಲ. ಅದೇ ಮಶೀನಿಗೆ ಹೊಸ ವ್ಯವಸ್ಥೆ ಹಾಕಿಸಿದರೆ ಬಾತುಕೋಳಿ ಅಳಿಸಿಹೋಗುತ್ತದೆ. ಅದನ್ನು ಹೇಳಿದವರೊಂದಿಗೆ ಆಪಾ ಮಾತು ಬಿಡುತ್ತಿದ್ದಳು.

ಆದರೆ ಲೋಕದಲ್ಲಿ ಅವಳಂಥ ಹಟಮಾರಿಗಳು ಬೇರೆ ಕಡೆಯೂ ಇದ್ದರು. ಹೊಸ ಬ್ರೌಸರನ್ನು ತೆಗೆದುಕೊಂಡು, ಬಿಚ್ಚಿ, ಹಳೆಯ ವ್ಯವಸ್ಥೆಯ ಮೇಲೆ ಓಡುವಂತೆ ಮತ್ತೆ ಹೊಂದಿಸಿ, ಪುಕ್ಕಟೆ ಹಂಚುವ ಜನ. ಯಾವ ದೇಶದವರೋ, ಏನು ಹೆಸರೋ. ಆಪಾ ಅವರನ್ನು ‘ದರ್ಜಿಗಳು’ ಎನ್ನುತ್ತಿದ್ದಳು. “ಹೊಸ ಅಂಗಿ ತಂದು ಹಳೇ ಮೈಗಿ ಆಲ್ಟ್ರೇಶನ್ ಮಾಡಿಕೊಡ್ತಾರ. ಕಂಕಳಾಗ ಸ್ವಲ್ಪ ಬಿಗಿ ಆಗ್ತದ, ಆದ್ರ ಮಾನ ಮುಚ್ಚತದ.” ಹೊಸ ಕಂಪ್ಯೂಟರಿನಲ್ಲಿ ಅದನ್ನು ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿ, ಹಳೆಯದಕ್ಕೆ ತಂದು ಕೂರಿಸುತ್ತಿದ್ದಳು. ಒಂದು ಎಚ್ಚರ ಮಾತ್ರ ಇಟ್ಟುಕೊಂಡಿದ್ದಳು: ಬ್ಯಾಂಕಿನ ಕೆಲಸ, ಜನರ ಗುಟ್ಟಿನ ನಂಬರು ಯಾವುದನ್ನೂ ಅದರಲ್ಲಿ ತೆರೆಯುತ್ತಿರಲಿಲ್ಲ. “ಹಳೇ ಮನಿ, ಚಿಲಕ ಸಡ್ಲ ಅದ. ಕೂತು ಮಾತಾಡಬೌದು, ಬಂಗಾರ ಇಡಬಾರದು.”

ಒಂದು ಬೆಳಿಗ್ಗೆ ಆ ಅಂಗಿಯೂ ಹರಿಯಿತು. ಮೊದಲ ಗಿರಾಕಿ ಮಸರಕಲ್ ಕಡೆಯ ರೈತ, ಪಹಣಿ ಬೇಕಿತ್ತು. ಆಪಾ ವರ್ಷ ದಾಟಿಸಿ ಬ್ರೌಸರ್ ತೆರೆದಳು. ಪುಟ ಬಿಳಿಯಾಗಿಯೇ ನಿಂತಿತು. ‘ಈ ಬ್ರೌಸರ್ ಬಹಳ ಹಳೆಯದು’ ಎಂಬ ಒಂದೇ ಸಾಲು.

“ಬಾಜು ಅಂಗಡಿಯಾಗ ತೊಗೋತೀನಿ ತಗೋರಿ ಯಕ್ಕಾ” ಎಂದು ಅವನು ಎದ್ದ.

“ಕೂಡ್ರಿ!” ಎಂದಳು ಆಪಾ. ಆಮೇಲೆ ನಾನು ನಂಬಲಾರದ ಮಾತೊಂದು ಅವಳ ಬಾಯಿಂದ ಬಂತು: “ಸಿದ್ದಣ್ಣ, ಮೂರು ಚಹಾ ಹೇಳು.”

ಅವನಿಗೆ ಬಸ್ಸಿನ ಅವಸರ. ಹೊರಗೆ ಇನ್ನೂ ನಾಲ್ಕು ಜನ ಸೇರಿದರು. ಹೊಸ ಕಂಪ್ಯೂಟರ್ ಬಟ್ಟೆ ಹೊದ್ದು ಪಕ್ಕದಲ್ಲೇ ಇತ್ತು. ಎರಡು ನಿಮಿಷದ ಕೆಲಸ. ನಾನೇ ಮೆಲ್ಲಗೆ, “ಇವತ್ತೊಂದಿನ ಅದರಾಗ ತೆಗಿ ಆಪಾ, ಯಾರಿಗಿ ಗೊತ್ತಾಗ್ತದ?” ಎಂದೆ. ಅವಳು ನನ್ನ ಕಡೆ ತಿರುಗಿದಳು. ಹಣೆಯ ಮೇಲೆ ಬೆವರು. “ಅಕಿಗಿ ಗೊತ್ತಾಗ್ತದ. ಇವತ್ತ ಬಿಟ್ರ ನಾಳಿ ಬಿಡೋದು ಹಗುರ ಆಗ್ತದ ಸಿದ್ದಣ್ಣ. ಮೂರನೇ ದಿನ ನಾ ಬಾತುಕೋಳಿ ಮ್ಯಾಲ ಬಟ್ಟಿ ಹಾಕ್ತೀನಿ.”

ಬಟ್ಟೆ ತೆಗೆದಳು, ಆದರೆ ಪಹಣಿಗಲ್ಲ. ದರ್ಜಿಗಳು ಇನ್ನೊಂದು ಅಂಗಿ ಹೊಲಿದಿದ್ದಾರೇನೋ ಎಂದು ಹುಡುಕಲಿಕ್ಕೆ. ಒಂದು ಸಿಕ್ಕಿತು; ಮಶೀನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇನ್ನೊಂದು ಒಳಗೆ ಬಂತು, ತೆರೆದೊಡನೆ ಮುಚ್ಚಿಕೊಂಡಿತು. ಚಹಾ ಆರಿತು. ಇನ್ನೊಂದು ತಂದಳು. ಅದು ಏರು ಹತ್ತುವ ನನ್ನ ಹಳೆಯ ಬಸ್ಸಿನ ಹಾಗೆ ನರಳುತ್ತ, ನಿಂತು ನಿಂತು, ಪುಟವನ್ನು ಮೇಲಿಂದ ಕೆಳಗೆ ಬಿಡಿಸತೊಡಗಿತು. ಮೊದಲು ಊರಿನ ಹೆಸರು ಬಂತು: ಮಸರಕಲ್. ಆಪಾ ಪರದೆಗೆ ಅಂಗೈ ಇಟ್ಟಳು, ಜ್ವರ ನೋಡುವವರು ಹಣೆಗೆ ಇಡುವ ಹಾಗೆ.

“ಶಾಬಾಶ್ ಸುಜಿ” ಎಂದಳು. ಹೊರಗೆ ಕಾಯುತ್ತಿದ್ದ ಜನ ಸುಜಿ ಯಾರೆಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಆಪಾಳ ಕಿಡ್ನಿ ಕೈಕೊಟ್ಟಿತು. ಅಂಗಡಿ ಮುಚ್ಚಿ, ದೇವದುರ್ಗದಲ್ಲಿ ತಮ್ಮನ ಮನೆಗೆ ಹೋದಳು. ಮಶೀನನ್ನೂ ಒಯ್ದಿದ್ದಳು. ನಾನು ನೋಡಲು ಹೋದಾಗ ಮಂಚದ ಪಕ್ಕದ ಮೇಜಿನ ಮೇಲಿತ್ತು. ಅವಳ ಕೈ ಊದಿತ್ತು. ಬಾಣ ಒತ್ತಲು ಬೆರಳು ಬಗ್ಗುತ್ತಿರಲಿಲ್ಲ.

“ಇದನ್ನ ನೀ ಒಯ್ಯಿ” ಎಂದಳು.

“ನನಗೆದಕ್ಕ? ನಾ ಅದರಾಗ ಏನು ಮಾಡ್ಲಿ?”

“ನಕ್ಕೋ ಅನಬ್ಯಾಡ, ಒಲ್ಲೆ ಅನಬ್ಯಾಡ. ದಿನಾ ಬೆಳಿಗ್ಗಿ ಅಕಿನ್ನ ಕರಕೊಂಡು ಬಾ. ಬೋಣಿ ಇಲ್ಲಾಂದ್ರ ಬಸ್ಸಿನ ಟೈಮ್ ನೋಡು ಅದರಾಗ, ಅದೂ ಕೆಲಸನ. ಆ ಹಳೇ ವರ್ಷದಾಗ ಅಕಿನ್ನ ಒಬ್ಬಾಕಿನ್ನ ಬಿಡಬ್ಯಾಡ.” ಮತ್ತೆ ಹೇಳಿದಳು: “ಆ ಒಂದು ವರ್ಷದಾಗ ಮಾತ್ರ ಬಾಯಿ ಮುಚ್ಕೊಂಡು ದಾಟಬೇಕು. ನಿನಗದು ಕಷ್ಟ.”

“ಬಾಳ ಕಷ್ಟ” ಎಂದೆ.

ನಕ್ಕಳು. ಅವಳ ತಮ್ಮನ ಹೆಂಡತಿ ಚಹಾ ತಂದರೆ, “ಇವಗ ಕೊಡಬ್ಯಾಡ, ಮಾನ್ವಿಯಾಗ ಕುಡಿತಾನ” ಎಂದಳು. ಅದೇ ನಾನು ಕೇಳಿದ ಅವಳ ಕೊನೆಯ ಮಾತು. ಮೊಹರಂ ಮುಗಿದು ಸ್ವಲ್ಪ ದಿನಕ್ಕೆ ಸುದ್ದಿ ಬಂತು.

ಆಮೇಲೆ ಅವಳ ತಮ್ಮ ಕಳಿಸಿಕೊಟ್ಟ ಮಶೀನು ಈಗ ಮಾನ್ವಿಯಲ್ಲಿ ನನ್ನ ಪಡಸಾಲೆಯಲ್ಲಿದೆ. ಬೆಳಿಗ್ಗೆ ಸ್ನಾನ ಮುಗಿಸಿ ಚಾಲೂ ಮಾಡುತ್ತೇನೆ. ಕಪ್ಪು ಪರದೆಯ ತಕರಾರು ಮುಗಿದ ಮೇಲೆ ನೀಲಿ ಪರದೆ, ಎರಡು ಹೆಸರು. ಚದುರಂಗದ ಕಾಯಿ ಒತ್ತಿ ಒಳಗೆ ಹೋಗುತ್ತೇನೆ. ಬಾಣ ಒತ್ತುತ್ತ ವರ್ಷ ದಾಟಿಸುತ್ತೇನೆ. ನನ್ನ ಸುದ್ದಿಗಳಲ್ಲಿ ಅರ್ಧ ಸುಳ್ಳು, ಸುಜಾತಾಳಿಗೆ ಅದು ಗೊತ್ತು. ಆಪಾ ಒಂದು ವರ್ಷದಲ್ಲಿ ಬಾಯಿ ಮುಚ್ಚುತ್ತಿದ್ದಳು, ನಾನು ಅವಳು ಹೋದ ವರ್ಷವೂ ಸೇರಿ ಎರಡರಲ್ಲಿ. ಆಮೇಲೆ ದರ್ಜಿಗಳ ಬ್ರೌಸರ್ ತೆರೆದು ದೇವದುರ್ಗದ ಬಸ್ಸಿನ ಟೈಮ್ ನೋಡುತ್ತೇನೆ.

ಇಷ್ಟನ್ನೂ ನೀವು ನಂಬಿಲ್ಲ, ನನಗೆ ಗೊತ್ತು. ಬಾತುಕೋಳಿ ನಿಜ. ಸತ್ತ ಸೆಲ್ ನಿಜ, ಬೇಕಾದರೆ ಬಿಚ್ಚಿ ತೋರಿಸುತ್ತೇನೆ. ಕುರ್ಡಿಯ ಎಮ್ಮೆ ಗಬ್ಬ ಆದದ್ದೂ ನಿಜ. ಒಂದನ್ನು ಮಾತ್ರ ನಾನು ಕಟ್ಟಿದ್ದೇನೆ. ನಾನು ವರ್ಷ ದಾಟಿಸುವುದಿಲ್ಲ. ಮೊದಲ ದಿನ ಬಾಣದ ಮೇಲೆ ಬೆರಳಿಟ್ಟೆ, ಒತ್ತಲಾಗಲಿಲ್ಲ. ಈ ಕಡೆ ಆಪಾ ಇದ್ದಳು, ಅದಕ್ಕೆ ಸುಜಾತಾಳನ್ನು ಕರೆತರಬೇಕಿತ್ತು. ಈಗ ಈ ಕಡೆ ಯಾರಿದ್ದಾರೆ? ಆ ಕಡೆ ಇಬ್ಬರೂ ಇದ್ದಾರೆ. ತೀನ್ ಕಂದೀಲ್ ಸುತ್ತ ಬಾಡಿಗೆಗೆ ಜಾಗ ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ನಿಮ್ಮ ಗಡಿಯಾರ ಹಿಂದಿದೆ ಎಂದು ಬ್ರೌಸರ್ ದಿನಾ ಕೂಗುತ್ತದೆ. ಕೂಗಲಿ ಎಂದು ಬಿಟ್ಟು, ನಾನು ಚಹಾ ಕುಡಿಯುತ್ತೇನೆ.